ಟೆಕ್ಸಸ್‌ನ ಗಲಿಲೇಯ, ಕನಕಪುರದ ಕಪಾಲಬೆಟ್ಟ

ನಾನು ಕನ್ನಡದ ಕ್ಯಾಥೋಲಿಕ್. ಊರಲ್ಲೂ ಇದನ್ನ ಎರಡೆರಡು ಸಲ ಹೇಳಬೇಕಿತ್ತು, ಇಲ್ಲೂ ಅಷ್ಟೇ. ಬೆಂಗಳೂರಲ್ಲಿ ಹೆಸರು ಕೇಳಿದವರು "ಮನೇಲಿ ಏನ್ ಮಾತಾಡ್ತೀರ, ಇಂಗ್ಲಿಷಾ, ತಮಿಳಾ?" ಅನ್ನುತ್ತಿದ್ದರು. ಮುದ್ದೆ, ಸೊಪ್ಪಿನ ಸಾರು ಉಂಡು, ಸಂಜೆ ಕನ್ನಡದಲ್ಲೇ ಜಪಸರ ಹೇಳಿಕೊಂಡು ಬೆಳೆದ ಕನಕಪುರದ ಕಡೆಯವನು ಅಂದರೆ ಒಂದು ನಗು ನಕ್ಕು ಸುಮ್ಮನಾಗುತ್ತಿದ್ದರು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಯುಗಾದಿ ಊಟಕ್ಕೆ ಹೋದರೆ, ಪಕ್ಕ ಕೂತವರು "ನೀವು ಯಾವಾಗ ಕನ್ವರ್ಟ್ ಆದ್ರಿ?" ಅಂತಾರೆ. ನಮ್ಮ ಮುತ್ತಜ್ಜನ ಮುತ್ತಜ್ಜನನ್ನು ಕೇಳಿ ಹೇಳಬೇಕು.

ಇದರಿಂದಲೋ ಏನೋ, ಇಲ್ಲಿನ ಮೆಕ್ಸಿಕನ್ ಮೂಲದ ಕ್ರೈಸ್ತರ ಜೊತೆ ನನಗೆ ಬೇಗ ಹೊಂದಿಕೆಯಾಯಿತು. ಅವರಿಗೂ ಇದೇ ಕಾಟ. ಟೆಕ್ಸಸ್ ಮೆಕ್ಸಿಕೊದ ಭಾಗವಾಗಿದ್ದ ಕಾಲದಿಂದ ಇಲ್ಲೇ ಇರುವ ಮನೆತನಗಳಿಗೂ "ಯಾವಾಗ ಬಂದ್ರಿ?" ಎಂಬ ಪ್ರಶ್ನೆ ತಪ್ಪಿಲ್ಲ. ಗಡಿ ದಾಟಿ ಆಚೆ ಹೋದರೆ ಅಲ್ಲಿಯವರು ಇವರ ಸ್ಪ್ಯಾನಿಷ್ ಕೇಳಿ ನಗುತ್ತಾರೆ. ಸ್ಕೂಲಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಏಟು ತಿಂದ ಅಜ್ಜಂದಿರು ನಮ್ಮ ಧರ್ಮಕೇಂದ್ರದಲ್ಲಿ ಈಗಲೂ ಇದ್ದಾರೆ.

ಆದರೆ ಅವರು ಈ ಕಾಟದಿಂದಲೇ ಒಂದು ದೈವಶಾಸ್ತ್ರ ಕಟ್ಟಿಕೊಂಡರು. ಕನ್ನಡ ಕ್ರೈಸ್ತರು ಕಟ್ಟಿಕೊಳ್ಳಲಿಲ್ಲ. ನನ್ನ ತಕರಾರು ಇರೋದು ಇಲ್ಲಿ.

ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ದೈವಶಾಸ್ತ್ರ ಅಂದ ಕೂಡಲೇ ನಮ್ಮಲ್ಲಿ ಓದಿಕೊಂಡವರು ವಿಮೋಚನಾ ದೈವಶಾಸ್ತ್ರ ಅನ್ನುತ್ತಾರೆ, ದೇವರು ಬಡವರ ಬಿಡುಗಡೆಯ ಪಕ್ಷ ಅನ್ನುವ ವಿಚಾರ ಅದು. ಪೆರುವಿನ ಗುಸ್ತಾವೊ ಗುಟಿಯೆರೆಸ್, ಅವರ 1971ರ ಪುಸ್ತಕ, ಎಲ್ ಸಾಲ್ವಡಾರ್‌ನಲ್ಲಿ 1980ರಲ್ಲಿ ಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡೇಟಿಗೆ ಬಲಿಯಾದ ಆರ್ಚ್‌ಬಿಷಪ್ ರೊಮೆರೊ. ಅದು ದೊಡ್ಡ ಕಥೆ, ಬಹಳ ಜನ ಬರೆದಿದ್ದಾರೆ. ಅಮೆರಿಕದೊಳಗಿನ ಲ್ಯಾಟಿನೊಗಳ ಕಥೆ ಬೇರೆ. ಅದು ಅಡುಗೆಮನೆಯಿಂದ ಶುರುವಾಗುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜಿ ಗಡಿಯಾಚೆಯ ಪಿಯೆದ್ರಾಸ್ ನೆಗ್ರಾಸ್‌ನವರು. ಅವರ ಅಡುಗೆಮನೆ ಮೂಲೆಯಲ್ಲಿ ಒಂದು ಸಣ್ಣ ಮೇಜು. ಅದರ ಮೇಲೆ ಮೆಕ್ಸಿಕನ್ನರ ಮರಿಯಮ್ಮ ಗ್ವಾದಲೂಪೆ ಮಾತೆಯ ಪಟ, ಸಂತ ಯೂದನ ಬೊಂಬೆ, ತೀರಿಹೋದ ಗಂಡನ ಫೋಟೊ, ಒಂದು ಲೋಟ ನೀರು, ಎಚ್‌ಇಬಿ ಅಂಗಡಿಯಲ್ಲಿ ಸಿಗುವ ಉದ್ದ ಗಾಜಿನ ಲೋಟದ ಮೇಣದ ಬತ್ತಿ. ಪಟದ ಹಿಂದೆ ಒಂದು ಮಡಿಸಿದ ಕಾಗದ. ಮೊಮ್ಮಗನ ವಲಸೆ ಕೇಸಿನ ವಾಯಿದೆ ತಾರೀಖು ಇರುವ ಕಾಗದ ಅದು. ನಮ್ಮವ್ವ ಆರೋಗ್ಯಮಾತೆಯ ಪಟದ ಹಿಂದೆ ಜಮೀನಿನ ಪಹಣಿ ಇಟ್ಟಿದ್ದಳು. ನನ್ನ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟೂ ಪರೀಕ್ಷೆಯ ಹಿಂದಿನ ರಾತ್ರಿ ಅಲ್ಲೇ ಇತ್ತು. ನವೆಂಬರ್ ಮೊದಲ ವಾರ ಆ ಅಜ್ಜಿಯ ಮೇಜಿನ ತುಂಬ ಚೆಂಡುಹೂವು. ಅಂದಹಾಗೆ, ಆ ಹೂವು ನಮ್ಮ ದೇಶಕ್ಕೆ ಬಂದದ್ದೇ ಮೆಕ್ಸಿಕೊ ಕಡೆಯಿಂದ. ನಮ್ಮೂರಲ್ಲಿ ಆಯುಧಪೂಜೆಗೂ ಅದೇ ಬೇಕು, ಸತ್ತವರ ಹಬ್ಬಕ್ಕೆ ನಾವು ಸಮಾಧಿ ಮೇಲೆ ಇಡೋಕೂ ಅದೇ ಬೇಕು.

ನಮ್ಮ ಕಡೆ ಪಾದ್ರಿಗಳು ಇಂಥದ್ದನ್ನು ಭಕ್ತಿ ಅನ್ನುತ್ತಿದ್ದರು, ಸ್ವಲ್ಪ ಕನಿಕರದಿಂದ. ನಾಲ್ಕಕ್ಷರ ಕಲಿತ ನಾವು ಅಜ್ಞಾನ ಅನ್ನುತ್ತಿದ್ದೆವು. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಅದಾ ಮರಿಯಾ ಇಸಾಸಿ-ದಿಯಾಸ್ ಇದನ್ನೇ ದೈವಶಾಸ್ತ್ರ ಅಂದರು. ಲ್ಯಾಟಿನಾ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸಿದರು. ದೇವರು ಅಂದರೆ ನಿಮಗೆ ಯಾರು, ಕಷ್ಟ ಬಂದಾಗ ಅವನಿಗೆ ಏನು ಹೇಳುತ್ತೀರಿ, ಏನನ್ನು ತಪ್ಪು ಅನ್ನುತ್ತೀರಿ ಅಂತ ಕೇಳಿದರು. ಅವರ ಮಾತುಗಳನ್ನೇ ಪುಸ್ತಕಕ್ಕೆ ಹಾಕಿದರು. ಬಾಡಿಗೆ, ಕೂಲಿ, ಮಗುವಿನ ಜ್ವರ, ಇದರ ಮಧ್ಯೆ ದಿನ ತಳ್ಳುವ ಹೆಂಗಸು ದೇವರ ಬಗ್ಗೆ ಯೋಚನೆ ಮಾಡುತ್ತಲೇ ಇರುತ್ತಾಳೆ, ಡಿಗ್ರಿ ಇಲ್ಲ ಅಷ್ಟೇ ಅನ್ನುವುದು ಅವರ ವಾದ.

ಅವರಿಗೂ ಮೊದಲು ಈ ದಾರಿ ತುಳಿದವರು ನಮ್ಮ ಸ್ಯಾನ್ ಆಂಟೋನಿಯೊದವರೇ ಆದ ವಿರ್ಜಿಲಿಯೊ ಎಲಿಸೊಂದೊ. ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮೆಕ್ಸಿಕನ್ ದಂಪತಿಯ ಮಗ. ಪಾದ್ರಿಯಾದರು, 1972ರಲ್ಲಿ ಇಲ್ಲಿ ಮೆಕ್ಸಿಕನ್ ಅಮೆರಿಕನ್ ಸಾಂಸ್ಕೃತಿಕ ಕೇಂದ್ರ ಕಟ್ಟಿದರು, ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಮಾಡಿದರು, 1983ರಲ್ಲಿ ಸಾನ್ ಫೆರ್ನಾಂಡೊ ಕ್ಯಾಥೆಡ್ರಲ್‌ಗೆ ಮುಖ್ಯ ಗುರುಗಳಾಗಿ ಬಂದರು. ಶುಭಸಂದೇಶ ಓದುತ್ತಾ ಅವರು ಒಂದು ಪ್ರಶ್ನೆ ಹಿಡಿದುಕೊಂಡರು. ಯೇಸು ಗಲಿಲೇಯದವನು ಅಂತ ಯಾಕೆ ಇಷ್ಟು ಸಲ ಬರೆದಿದ್ದಾರೆ? ಗಲಿಲೇಯ ಗಡಿನಾಡು, ಹತ್ತು ಕಡೆಯ ಜನ ಓಡಾಡುವ ಜಾಗ. ಜೆರುಸಲೇಮಿನ ದೊಡ್ಡವರಿಗೆ ಅಲ್ಲಿಯವರೆಂದರೆ ತಾತ್ಸಾರ. ಯೇಸುವನ್ನು ಹಿಡಿದ ರಾತ್ರಿ ಅಂಗಳದಲ್ಲಿದ್ದ ಪೇತ್ರನನ್ನು ಜನ ಗುರುತು ಹಚ್ಚಿದ್ದೂ ಅವನ ಮಾತಿನ ಧಾಟಿಯಿಂದ. ಗಡಿಯ ಎರಡೂ ಕಡೆಯವರು ತಮ್ಮವನಲ್ಲ ಅನ್ನುವ ಗಡಿನಾಡಿನ ಮನುಷ್ಯನನ್ನು ದೇವರು ಬೇಕಂತಲೇ ಆರಿಸಿಕೊಂಡ ಅಂದರು ಎಲಿಸೊಂದೊ. ಬೈಬಲ್ ಅಷ್ಟು ಸಲ ಓದಿದ್ದರೂ ಆ ಧಾಟಿಯ ವಿಷಯ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ನಮ್ಮ ಹಳ್ಳಿ ಕನ್ನಡ ಕೇಳಿ ತಿರುಗಿ ನೋಡುತ್ತಿದ್ದವರು ಆಗ ನೆನಪಾದರು.

ಗ್ವಾದಲೂಪೆಯನ್ನೂ ಅವರು ಹೀಗೇ ಓದಿದರು. ಅಜ್ಟೆಕ್ ರಾಜಧಾನಿ 1521ರಲ್ಲಿ ಸ್ಪೇನಿನವರ ಕೈಗೆ ಬಿತ್ತು. ಹತ್ತು ವರ್ಷಕ್ಕೆ, 1531ರಲ್ಲಿ, ತೆಪೆಯಾಕ್ ಗುಡ್ಡದಲ್ಲಿ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ಮಾತೆ ಕಾಣಿಸಿಕೊಂಡಳು ಅನ್ನುವುದು ನಂಬಿಕೆ. ಅವಳ ಮೈಬಣ್ಣ ಅವನದೇ, ಆಡಿದ ಭಾಷೆ ಅವನ ನಾವಾಟಲ್. ಸ್ಪೇನಿನ ಬಿಷಪ್ಪರಿಗೆ ಸುದ್ದಿ ಮುಟ್ಟಿಸುವ ಕೆಲಸವೂ ಅವನಿಗೇ. ಹುವಾನ್ ದಿಯೆಗೊ ನಿಜಕ್ಕೂ ಇದ್ದನಾ ಅಂತ ವಿದ್ವಾಂಸರು ಜಗಳ ಆಡುತ್ತಲೇ ಇದ್ದಾರೆ, 2002ರಲ್ಲಿ ಪೋಪ್ ಅವನನ್ನು ಸಂತ ಅಂತ ಸಾರಿದ್ದೂ ಆಯಿತು. ಎಲಿಸೊಂದೊ ಎತ್ತಿ ಹಿಡಿದದ್ದು ಕಥೆಯ ದಿಕ್ಕನ್ನು. ಸೋತವನು ಹೇಳುತ್ತಾನೆ, ಗೆದ್ದವರ ಬಿಷಪ್ ಕೇಳಬೇಕು.

ಗ್ವಾದಲೂಪೆ ಮಾತೆಯ ಹಬ್ಬದ ದಿನ, ಡಿಸೆಂಬರ್ 12ರ ನಸುಕಿನಲ್ಲಿ, ಇಲ್ಲಿ ಯಾವುದಾದರೂ ಸ್ಪ್ಯಾನಿಷ್ ಚರ್ಚಿಗೆ ಬಂದು ನೋಡಿ. ತಲೆಗೆ ಗರಿ, ಕಾಲಿಗೆ ಗಲಗಲ ಸದ್ದಿನ ಕಾಯಿ ಕಟ್ಟಿಕೊಂಡ ಕುಣಿತದವರು, ಪಕ್ಕದಲ್ಲಿ ಮರಿಯಾಚಿ ವಾದ್ಯದ ತಂಡ. ಬೂಟಿಗೆ ಟಾರು ಮೆತ್ತಿಕೊಂಡ ರೂಫಿಂಗ್ ಕೆಲಸದವರು ಪೂಜೆ ಮುಗಿಸಿ ನೇರ ಕೆಲಸಕ್ಕೆ ಹೊರಡುತ್ತಾರೆ. ಒಂದು ಕೈಯಲ್ಲಿ ಕಡುಬಿನಂಥ ತಮಾಲೆ, ಇನ್ನೊಂದು ಕೈಯಲ್ಲಿ ಜೋಳದ ಹಿಟ್ಟು, ಚಾಕೊಲೇಟ್ ಹಾಕಿ ಕುದಿಸಿದ ಚಂಪುರಾದೊ, ಗಂಜಿಯಷ್ಟೇ ಗಟ್ಟಿ. 1966ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳು ಡೆಲಾನೊದಿಂದ ಸ್ಯಾಕ್ರಮೆಂಟೊವರೆಗೆ ನಡೆದು ಹೋದಾಗ ಮುಂದೆ ಹಿಡಿದಿದ್ದು ಇದೇ ಮಾತೆಯ ಪಟ. ಕೂಲಿ ಜಾಸ್ತಿ ಮಾಡಿ ಅನ್ನೋದೂ ಮರಿಯಮ್ಮನ ಹಾಡು ಹಾಡೋದೂ ಅವರಿಗೆ ಬೇರೆ ಬೇರೆ ಕೆಲಸ ಅನ್ನಿಸಲಿಲ್ಲ.

ಎಲಿಸೊಂದೊ ಬಗ್ಗೆ ಬರೀ ಹೊಗಳಿಕೆ ಬರೆದು ಬಿಡೋದು ಸರಿಯಲ್ಲ. 2015ರಲ್ಲಿ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ದಾವೆ ಬಂತು. ಅವರು ಅಲ್ಲಗಳೆದರು, ಮರುವರ್ಷ ತೀರಿಕೊಂಡರು. ಈ ಊರಲ್ಲಿ ಅವರ ಹೆಸರು ಬಂದಾಗ ಕೆಲವರು ಈಗಲೂ ಮಾತು ಬದಲಿಸುತ್ತಾರೆ.

ಇನ್ನು ನಮ್ಮ ಕಡೆಗೆ ಬರೋಣ. 1960ರ ದಶಕದಲ್ಲಿ ಕ್ಯಾಥೋಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಸಭೆಯಾದ ಮೇಲೆ ಲ್ಯಾಟಿನ್ ಹೋಗಿ ಜನರ ಭಾಷೆಯಲ್ಲಿ ಪೂಜೆ ಬಂತು. ಬೆಂಗಳೂರಲ್ಲಿ ಜನರ ಭಾಷೆ ಯಾವುದು ಅನ್ನುವುದೇ ಜಗಳವಾಯಿತು. ತಮಿಳು, ಕೊಂಕಣಿ, ಇಂಗ್ಲಿಷ್ ಎಲ್ಲಕ್ಕೂ ಜಾಗ ಇತ್ತು, ಕನ್ನಡಕ್ಕೆ ಬೀದಿಗಿಳಿಯಬೇಕಾಯಿತು. ಕನ್ನಡ ಪೂಜೆ ಬೇಕು, ಕನ್ನಡದ ಗುರುಗಳು ಬೇಕು ಅಂತ ನಮ್ಮ ಹಿರಿಯರು ದಶಕಗಟ್ಟಲೆ ಹೊಡೆದಾಡಿದರು. ಅವರಿಗೆ ನನ್ನ ನಮಸ್ಕಾರ. ಆದರೆ ಪೂಜೆ ಕನ್ನಡಕ್ಕೆ ಬಂದ ಮೇಲೆ ಆ ಕನ್ನಡದಲ್ಲಿ ಹೊಸದಾಗಿ ಏನು ಹೇಳಿದೆವು? ರೋಮಿನಿಂದ ಬಂದದ್ದನ್ನೇ ಅನುವಾದ ಮಾಡಿದೆವು.

ಭಾರತೀಯ ದೈವಶಾಸ್ತ್ರ ಹುಟ್ಟಲಿಲ್ಲ ಅಂತಲ್ಲ. ಬೆಂಗಳೂರಲ್ಲೇ ಹುಟ್ಟಿತು, ಅದೂ ಎರಡು ಸಲ. 1967ರಲ್ಲಿ ಪಾದ್ರಿ ಅಮಲೋರ್ಪವದಾಸ್ ಅವರು ಅಲ್ಲಿ ಬೈಬಲ್, ಧರ್ಮಬೋಧೆ, ಪೂಜಾವಿಧಿಗಳಿಗಾಗಿ ಎನ್‌ಬಿಸಿಎಲ್‌ಸಿ ಎಂಬ ರಾಷ್ಟ್ರೀಯ ಕೇಂದ್ರ ಕಟ್ಟಿದರು. ಚಪ್ಪಲಿ ಬಿಟ್ಟು ಒಳಗೆ ಹೋಗುವುದು, ನೆಲದ ಮೇಲೆ ಕೂರುವುದು, ಆರತಿ, ಎಣ್ಣೆದೀಪ ಎಲ್ಲ ಪೂಜೆಯೊಳಗೆ ಬಂದವು. ಚೆನ್ನಾಗಿಯೇ ಇತ್ತು. ಆದರೆ ಆಶ್ರಮದ ಕಡೆ, ಉಪನಿಷತ್ತಿನ ಕಡೆ ನೋಡಿದಷ್ಟು ನಮ್ಮವ್ವನ ಪಟದ ಕಡೆ ಯಾರೂ ನೋಡಲಿಲ್ಲ. 1981ರಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ್ ನಿರ್ಮಲ್ ಎದ್ದು ನಿಂತು ಇದನ್ನೇ ಕೇಳಿದರು. ಚರ್ಚಿನಲ್ಲಿರುವವರಲ್ಲಿ ಜಾಸ್ತಿ ಜನ ದಲಿತರು, ದೈವಶಾಸ್ತ್ರ ಮಾತ್ರ ಯಾಕೆ ಬ್ರಾಹ್ಮಣ ಪರಂಪರೆಯ ಕಡೆ ಮುಖ ಮಾಡಿದೆ? ದಲಿತ ದೈವಶಾಸ್ತ್ರ ಶುರುವಾದದ್ದು ಆ ಪ್ರಶ್ನೆಯಿಂದ. ಎಲಿಸೊಂದೊ ಪುಸ್ತಕಕ್ಕಿಂತ ಅದು ಹರಿತವಾದ ಪ್ರಶ್ನೆ ಅಂತ ನಾನಂತೂ ಹೇಳುತ್ತೇನೆ. ಆದರೆ ಅದು ಬೆಳೆದದ್ದು ಇಂಗ್ಲಿಷಿನಲ್ಲಿ, ಸೆಮಿನಾರ್ ಹಾಲಿನಲ್ಲಿ. ನಮ್ಮೂರಿನ ಭಾನುವಾರದ ಪ್ರಸಂಗದಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಎಲಿಸೊಂದೊಗೆ ಕೈಯಲ್ಲಿ ಒಂದು ಚರ್ಚಿತ್ತು. ಬರೆದದ್ದನ್ನು ಭಾನುವಾರ ಜನರ ಮುಂದೆ ಹೇಳಬಹುದಿತ್ತು, ಅವರ ಸ್ಪ್ಯಾನಿಷ್ ಪೂಜೆ ಟಿವಿಯಲ್ಲೂ ಬರುತ್ತಿತ್ತು.

ಹಾಗಂತ ಇವರ ದಾರಿಯನ್ನು ಎತ್ತಿ ತಂದು ನಮ್ಮಲ್ಲಿ ಇಡೋಕಾಗಲ್ಲ. ಎಲಿಸೊಂದೊ ಕಟ್ಟಿದ್ದು ಬೆರಕೆಯ ಮೇಲೆ. ಸ್ಪೇನಿನ ರಕ್ತ, ಮೂಲನಿವಾಸಿಗಳ ರಕ್ತ ಸೇರಿ ಹೊಸ ಜನ ಹುಟ್ಟಿದರು, ಆ ಬೆರಕೆಯೇ ವರ ಅಂತ. ಬೆರಕೆಯ ಹಾಡಿನಲ್ಲಿ ಕಪ್ಪುಜನರೂ ಈಗಲೂ ಬೇರೆಯಾಗಿಯೇ ಉಳಿದಿರುವ ಮೂಲನಿವಾಸಿಗಳೂ ಕಳೆದುಹೋದರು ಅಂತ ಲ್ಯಾಟಿನೊ ವಿದ್ವಾಂಸರೇ ಆಮೇಲೆ ತಕರಾರು ತೆಗೆದರು. ನಮ್ಮದು ಇದರ ತದ್ವಿರುದ್ಧ. ಜ್ಞಾನಸ್ನಾನವಾಗಿ ತಲೆಮಾರು ಕಳೆದರೂ ಹೆಣ್ಣು ಕೊಡುವಾಗ ಜಾತಿ ಕೇಳುವವರು ನಾವು. ಬೆರೆಯದೇ ಉಳಿದವರಿಗೆ ಬೆರಕೆಯ ದೈವಶಾಸ್ತ್ರ ಹೇಳಿದರೆ ಯಾರಿಗೆ ತಟ್ಟುತ್ತೆ?

ನಮ್ಮಲ್ಲಿ ಸರಕು ಮಾತ್ರ ಬೇಕಾದಷ್ಟಿದೆ. ಶುಭ ಶುಕ್ರವಾರ ಸ್ಯಾನ್ ಆಂಟೋನಿಯೊದಲ್ಲಿ ಊರ ಜನರೇ ಯೇಸು, ಪಿಲಾತ, ಸಿಪಾಯಿಗಳಾಗಿ ವೇಷ ಕಟ್ಟಿ, ದೊಲೊರೊಸಾ ಎಂಬ ಬೀದಿಯಲ್ಲಿ ಶಿಲುಬೆ ಹೊತ್ತು ಸಾನ್ ಫೆರ್ನಾಂಡೊವರೆಗೆ ಬರುತ್ತಾರೆ. ನಮ್ಮ ಕನಕಪುರದ ಕಡೆಯ ಹಾರೋಬೆಲೆಯವರು ಕಪಾಲಬೆಟ್ಟದಲ್ಲಿ ಯೇಸುವಿನ ಪಾಡು ಆಡುವುದೂ ಹೀಗೇ, ಪಾತ್ರಧಾರಿಗಳೆಲ್ಲ ಊರಿನವರೇ. ಕಪಾಲಬೆಟ್ಟ ಅಂದರೆ ನಿಮಗೆ ಯೇಸು ಪ್ರತಿಮೆಯ ಗಲಾಟೆ ಮಾತ್ರ ನೆನಪಿರಬಹುದು, ಪೇಪರಲ್ಲಿ ಬಂದದ್ದು ಅದೇ ತಾನೆ. ಶಿಲುಬೆ ಹೊರುವ ಹುಡುಗ ಆ ದಿನ ಏನು ಯೋಚಿಸುತ್ತಾನೆ, ಅಳುವ ಹೆಂಗಸರು ಯಾರಿಗಾಗಿ ಅಳುತ್ತಾರೆ ಅಂತ ಕೂತು ಕೇಳಿ ಬರೆದ ಗುರುಗಳು ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಾದರೆ ಇಷ್ಟರಲ್ಲಿ ಎರಡು ಪಿಎಚ್‌ಡಿ ಆಗುತ್ತಿದ್ದವು.

ಹಾಗಂತ ಇಲ್ಲಿನ ಲ್ಯಾಟಿನೊಗಳ ಚರ್ಚುಗಳು ತುಂಬಿ ತುಳುಕುತ್ತಿವೆ ಅಂದುಕೊಳ್ಳಬೇಡಿ. ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆಯ ಲೆಕ್ಕದಲ್ಲಿ 2010ರಲ್ಲಿ ಅಮೆರಿಕದ ವಯಸ್ಕ ಲ್ಯಾಟಿನೊಗಳಲ್ಲಿ ಶೇ 67 ಜನ ಕ್ಯಾಥೋಲಿಕರಿದ್ದರು. 2022ಕ್ಕೆ ಅದು ಶೇ 43. ಹೋದವರೆಲ್ಲ ಪವಿತ್ರಾತ್ಮದ ಆವೇಶಕ್ಕೆ ಒತ್ತು ಕೊಡುವ ಪೆಂತೆಕೋಸ್ತ ಪಂಗಡದವರಾದರು ಅಂತ ನಮ್ಮ ಪಾದ್ರಿಗಳು ಗೊಣಗುತ್ತಾರೆ, ಆದರೆ ಬೆಳೆದದ್ದು ಯಾವ ಧರ್ಮವೂ ಬೇಡ ಅನ್ನುವವರು, 2022ಕ್ಕೆ ಅವರೇ ಶೇ 30ರಷ್ಟಾದರು. ಪೆಂತೆಕೋಸ್ತರೇನೂ ನಿನ್ನೆ ಮೊನ್ನೆ ಬಂದವರಲ್ಲ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಆ ಕಿಚ್ಚು ಹತ್ತಿಕೊಂಡಾಗಲೇ ಮೆಕ್ಸಿಕನ್ನರು ಅಲ್ಲಿದ್ದರು. ನನಗೆ ಗೊತ್ತಿರುವ ಒಬ್ಬ ರೂಫಿಂಗ್ ಮೇಸ್ತ್ರಿ ಹಳೇ ಟೈರ್ ಅಂಗಡಿಯಲ್ಲಿ ನಡೆಯುವ ಅಂಥ ಒಂದು ಚರ್ಚಿಗೆ ಸೇರಿ ಕುಡಿತ ಬಿಟ್ಟ. ಗ್ವಾದಲೂಪೆ ಪಟವನ್ನೂ ತೆಗೆದಿಟ್ಟ, ಅವನ ತಾಯಿ ಅದಕ್ಕೆ ಇನ್ನೂ ಮಾತು ಬಿಟ್ಟಿದ್ದಾಳೆ. "ದೊಡ್ಡ ಚರ್ಚಿಗೆ ಅಷ್ಟು ವರ್ಷ ಹೋದೆ, ನನ್ನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ" ಅನ್ನುತ್ತಾನೆ. ಅಜ್ಜಿಯ ಮೇಜನ್ನು ಕೊಂಡಾಡುವ ಪುಸ್ತಕಗಳ ಹತ್ತಿರ ಈ ಮಾತಿಗೆ ಉತ್ತರ ಇಲ್ಲ.

ಈಚೆಗೆ ಟೆಕ್ಸಸ್‌ನಲ್ಲಿರುವ ನಾವು ಕೆಲವು ಕನ್ನಡ ಕ್ಯಾಥೋಲಿಕ್ ಮನೆಗಳವರು ಸೇರಿ ವರ್ಷಕ್ಕೊಂದು ಕನ್ನಡ ಪೂಜೆ ಮಾಡಿಸೋಣ ಅಂದುಕೊಂಡೆವು. ಸಿಕ್ಕ ಗುರುಗಳು ಮಲಯಾಳಿ. ಅವರು ಲಿಪ್ಯಂತರ ನೋಡಿಕೊಂಡು ಕನ್ನಡ ಓದಲಾ, ಇಂಗ್ಲಿಷಲ್ಲೇ ಮುಗಿಸಲಾ, ಹಾಡು ಯಾವುದು, ಕೊಂಕಣಿ ಮನೆಯವರಿಗೆ ಒಂದು ಹಾಡು ಬೇಡವಾ ಅಂತ ಝೂಮ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಜಗಳ ನಡೆಯಿತು. ಕೊನೆಗೆ ವಾಚನ ಕನ್ನಡದಲ್ಲಿ, ಪೂಜೆ ಇಂಗ್ಲಿಷಿನಲ್ಲಿ, ಹಾಡು ಮೂರರಲ್ಲೂ ಅಂತ ತೀರ್ಮಾನವಾಯಿತು. ಪ್ರಸಂಗದಲ್ಲಿ ಏನು ಹೇಳಬೇಕು ಅಂತ ಗುರುಗಳು ಕೇಳಿದಾಗ, "ಅದು ನಿಮಗೆ ಬಿಟ್ಟಿದ್ದು ಫಾದರ್, ಹತ್ತು ನಿಮಿಷ ಸಾಕು" ಅಂದರು ನಮ್ಮವರು.