ಓದು ಉದ್ಯೋಗ ಮಾರುಕಟ್ಟೆಯ ಹಿಂದೆ ಹೋಗಬೇಕೇ?

ಪರ: ಕಾಯುವ ಶಕ್ತಿ ಎಲ್ಲರಿಗೂ ಇಲ್ಲ

'ಓದುವುದು ಜ್ಞಾನಕ್ಕೆ, ಹೊಟ್ಟೆಪಾಡಿಗಲ್ಲ' ಎನ್ನುವವರನ್ನು ಗಮನಿಸಿ. ಹೆಚ್ಚಿನವರ ಹೊಟ್ಟೆಪಾಡು ಆಗಲೇ ಬಗೆಹರಿದಿರುತ್ತದೆ. ಸಾಲ ಮಾಡಿ ಕಾಲೇಜು ಸೇರಿದವಳು ಪದವಿ ಮುಗಿದ ಮೇಲೂ ಕೆಲಸವಿಲ್ಲದೆ ಕೂತರೆ, ಕಂತು ಕಟ್ಟಲು ಜ್ಞಾನ ಬರುವುದಿಲ್ಲ.

ಅಷ್ಟಕ್ಕೂ ಪದವಿ ಕಲಿಕೆಯ ಪುರಾವೆಯೋ, ಬರೀ ಜರಡಿಯೋ? ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಈ ಗಂಟು ಬಿಚ್ಚಿದರು. ಓದಿನಿಂದ ಕೆಲಸದ ಸಾಮರ್ಥ್ಯ ಒಂದಿಷ್ಟೂ ಹೆಚ್ಚದಿದ್ದರೂ, ಚುರುಕಾದವರಿಗೆ ಓದು ಮುಗಿಸುವುದು ಸುಲಭ ಎಂಬ ಒಂದೇ ಕಾರಣಕ್ಕೆ ಮಾಲೀಕರು ಪದವಿಗೆ ಹೆಚ್ಚು ಸಂಬಳ ಕೊಡಬಹುದು ಎಂದು ತೋರಿಸಿದರು. ಜರಡಿಯಲ್ಲಿ ಉದುರುವವರು ಯಾರೆಂಬುದೂ ಹೊಸ ವಿಷಯವಲ್ಲ. ಅಮೆರಿಕದ ಡ್ಯೂಕ್ ಪವರ್ ಕಂಪನಿ ಒಳ್ಳೆಯ ಹುದ್ದೆಗಳಿಗೆ ಹೈಸ್ಕೂಲು ಸರ್ಟಿಫಿಕೇಟು ಬೇಕೆಂದಿತು. ಅದರಿಂದ ಹೊರಗುಳಿದವರಲ್ಲಿ ಕಪ್ಪು ಜನರೇ ಹೆಚ್ಚು. ಕೆಲಸಕ್ಕೆ ಸಂಬಂಧವಿಲ್ಲದ ಇಂಥ ಷರತ್ತು ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲಿ ತೀರ್ಪು ಕೊಟ್ಟಿತು. ಅರ್ಧ ಶತಮಾನ ಕಳೆದ ಮೇಲೆ, 2022ರಲ್ಲಿ ಮೇರಿಲ್ಯಾಂಡ್, 2023ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯಗಳು ಸಾವಿರಾರು ಸರ್ಕಾರಿ ಹುದ್ದೆಗಳಿಂದ ಪದವಿಯ ಷರತ್ತನ್ನು ತೆಗೆದವು.

ಬೇರೆ ದಾರಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ 1969ರ ವೃತ್ತಿ ತರಬೇತಿ ಕಾಯ್ದೆಯಡಿ ಹುಡುಗರು ವಾರದ ಹೆಚ್ಚಿನ ದಿನ ಕಂಪನಿಯಲ್ಲಿ, ಒಂದೆರಡು ದಿನ ವೃತ್ತಿಶಾಲೆಯಲ್ಲಿ ಕಲಿಯುತ್ತಾರೆ. ಕಲಿಯುವಾಗಲೇ ಭತ್ಯೆ ಸಿಗುತ್ತದೆ. ಏನು ಕಲಿಸಬೇಕೆಂದು ತೀರ್ಮಾನಿಸುವಾಗ ಮಾಲೀಕರೂ ಕಾರ್ಮಿಕ ಸಂಘಗಳೂ ಸರ್ಕಾರದ ಜೊತೆ ಕೂರುತ್ತವೆ. ಇಂಥ ಮಾನ್ಯತೆ ಪಡೆದ ವೃತ್ತಿಗಳು ಮುನ್ನೂರಕ್ಕೂ ಹೆಚ್ಚಿವೆ. ಸ್ವಿಟ್ಜರ್ಲೆಂಡಿನಲ್ಲಂತೂ ಸುಮಾರು ಮೂರನೇ ಎರಡರಷ್ಟು ಯುವಜನ ಇದೇ ದಾರಿ ಹಿಡಿಯುತ್ತಾರೆ. ಅವರನ್ನು ಯಾರೂ ದಡ್ಡರೆಂದು ಕರೆಯುವುದಿಲ್ಲ. ತರಗತಿಯಲ್ಲಿ ಕೂತವನೇ ವಿದ್ಯಾವಂತ, ಕೈಗೆ ಗ್ರೀಸು ಅಂಟಿಸಿಕೊಂಡವನು ಅಲ್ಲ ಎಂಬ ಹಮ್ಮನ್ನು ಬಿಟ್ಟರೆ ಈ ವಾದದಲ್ಲಿ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ವಿರೋಧ: ಮಾರುಕಟ್ಟೆಗೇ ದಾರಿ ಗೊತ್ತಿಲ್ಲ

ಹಿಂದೆ ಹೋಗುವುದೇನೋ ಸರಿ, ಮುಂದೆ ನಡೆಯುವವನಿಗೆ ದಾರಿ ಗೊತ್ತಿರಬೇಕಲ್ಲ? 2016ರಲ್ಲಿ ಜೆಫ್ರಿ ಹಿಂಟನ್, ಕೃತಕ ಬುದ್ಧಿಮತ್ತೆಯ ಪಿತಾಮಹರಲ್ಲಿ ಒಬ್ಬರು, ಇನ್ನು ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ರೇಡಿಯಾಲಜಿಸ್ಟುಗಳಿಗೆ ತರಬೇತಿ ಕೊಡುವುದನ್ನು ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರವೇ ಅವರನ್ನು ಮೀರಿಸುತ್ತದೆ ಎಂದರು. ಐದು ವರ್ಷ ಎಂದೋ ಕಳೆಯಿತು. ಹಲವು ದೇಶಗಳಲ್ಲಿ ಈಗಲೂ ಕೊರತೆ ಇರುವುದು ರೇಡಿಯಾಲಜಿಸ್ಟುಗಳದ್ದೇ. ಅವರ ಮಾತು ನಂಬಿ ಸೀಟು ಕಡಿಮೆ ಮಾಡಿದ್ದರೆ?

2013ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರಾದ ಫ್ರೇ ಮತ್ತು ಆಸ್ಬರ್ನ್ ಅಮೆರಿಕದ ಶೇ. 47ರಷ್ಟು ಉದ್ಯೋಗಗಳು ಯಂತ್ರಗಳ ಪಾಲಾಗುವ ಹೆಚ್ಚಿನ ಅಪಾಯದಲ್ಲಿವೆ ಎಂದರು. ಮೂರು ವರ್ಷದ ನಂತರ, ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿಯ ಅಧ್ಯಯನವೊಂದು ಇಡೀ ಉದ್ಯೋಗದ ಬದಲು ಅದರೊಳಗಿನ ಒಂದೊಂದು ಕೆಲಸವನ್ನೂ ಬಿಡಿಸಿ ನೋಡಿತು. ಸಿಕ್ಕಿದ್ದು ಶೇ. 9. ಇವೆರಡರಲ್ಲಿ ಯಾವುದನ್ನು ಹಿಡಿದು ಪಠ್ಯ ಬರೆಯೋಣ?

ವೃತ್ತಿ ತರಬೇತಿಯ ಗುಣವನ್ನು ನಾನೂ ಒಪ್ಪುತ್ತೇನೆ, ಪದವಿಯ ಹುಸಿ ಷರತ್ತಿನ ಮೇಲಿನ ಸಿಟ್ಟನ್ನೂ ಒಪ್ಪುತ್ತೇನೆ. ಆದರೆ ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಮತ್ತು ಸಂಗಡಿಗರು 2017ರಲ್ಲಿ ಹನ್ನೊಂದು ದೇಶಗಳ ಲೆಕ್ಕ ಮುಂದಿಟ್ಟರು: ವೃತ್ತಿ ಶಿಕ್ಷಣ ಪಡೆದವರಿಗೆ ಮೊದಲ ಕೆಲಸ ಬೇಗ ಸಿಗುತ್ತದೆ, ವಯಸ್ಸಾದಂತೆ ಮಾತ್ರ ಸಾಮಾನ್ಯ ಶಿಕ್ಷಣದವರೇ ಕೆಲಸದಲ್ಲಿ ಉಳಿಯುವ ಸಂಭವ ಹೆಚ್ಚು. ತಂತ್ರಜ್ಞಾನದ ಪದವಿಯ ಕತೆಯೂ ಇದೇ. ಶುರುವಿನ ದೊಡ್ಡ ಸಂಬಳದ ಅಂತರ ವರ್ಷಗಳು ಉರುಳಿದಂತೆ ಕರಗುತ್ತದೆ, ಏಕೆಂದರೆ ಕಲಿತ ಸಾಫ್ಟ್‌ವೇರ್ ಅಷ್ಟರಲ್ಲಿ ಹಳತಾಗಿರುತ್ತದೆ. ಇಪ್ಪತ್ತೆರಡರಲ್ಲಿ ಲಾಭ, ಐವತ್ತರಲ್ಲಿ ನಷ್ಟ. ಮಾರುಕಟ್ಟೆ ಕೇಳುವುದು ಇಪ್ಪತ್ತೆರಡರವರನ್ನು ಮಾತ್ರ.

ಅದರ ಮಾತನ್ನಾದರೂ ನಂಬಬಹುದೇ? ಪದವಿ ಬೇಡ, ಕೌಶಲ ಸಾಕು ಎಂದು ಕಂಪನಿಗಳು ಡಂಗುರ ಹೊಡೆದವು. ಅದರ ಫಲವೇನೆಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲು ಮತ್ತು ಉದ್ಯೋಗ ಮಾರುಕಟ್ಟೆಯನ್ನು ಅಧ್ಯಯನ ಮಾಡುವ ಬರ್ನಿಂಗ್ ಗ್ಲಾಸ್ ಸಂಸ್ಥೆ 2024ರಲ್ಲಿ ಎಣಿಸಿದಾಗ, ಈ ಬದಲಾವಣೆಯಿಂದ ಕೆಲಸ ಸಿಕ್ಕಿದ್ದು 700 ನೇಮಕಾತಿಗಳಲ್ಲಿ ಒಬ್ಬರಿಗೂ ಕಡಿಮೆ. ಜಾಹೀರಾತಿನಿಂದ ಷರತ್ತು ಹೋಯಿತು, ಸಂದರ್ಶನ ಮಾಡುವವರ ತಲೆಯಿಂದ ಹೋಗಲಿಲ್ಲ.

ಇನ್ನು ಜರ್ಮನಿ. ಅಲ್ಲಿನ ಗುಟ್ಟು ಪಠ್ಯದಲ್ಲಿಲ್ಲ, ಖರ್ಚಿನಲ್ಲಿದೆ: ಕಂಪನಿಯೇ ಭತ್ಯೆ ಕೊಟ್ಟು ಕಲಿಸುತ್ತದೆ. ಉಳಿದ ಕಡೆ 'ಕೆಲಸಕ್ಕೆ ಸಿದ್ಧವಾದವರು ಬೇಕು' ಎಂಬ ಬೇಡಿಕೆಯ ಅರ್ಥ, ನಮ್ಮ ತರಬೇತಿಯ ಖರ್ಚನ್ನು ವಿದ್ಯಾರ್ಥಿಯ ಶುಲ್ಕದಲ್ಲಿ ಸೇರಿಸಿ ಎಂದಷ್ಟೇ. ಸಿಂಗಪುರ ಈ ಲೆಕ್ಕವನ್ನು ಅರ್ಥ ಮಾಡಿಕೊಂಡಂತಿದೆ. 2016ರಲ್ಲಿ 25 ದಾಟಿದ ಪ್ರತಿ ಪ್ರಜೆಗೂ ಕಲಿಕೆಗೆಂದು 500 ಸಿಂಗಪುರ ಡಾಲರ್ ಕೊಟ್ಟ ಸರ್ಕಾರ, 2024ರಲ್ಲಿ 40 ದಾಟಿದವರ ಖಾತೆಗೆ ಇನ್ನೂ 4,000 ಸೇರಿಸಿತು. ಅವರು ಕೆಲಸ ಬಿಟ್ಟು ಪೂರ್ಣಾವಧಿ ಕಲಿಯಲು ಹೊರಟರೆ ಮನೆ ನಡೆಯಲೆಂದು ತಿಂಗಳ ಭತ್ಯೆಯನ್ನೂ ಗೊತ್ತುಮಾಡಿತು.