ಫೋರ್ ಟ್ವೆಂಟಿಯ ಹೊಸ ನಂಬರ್

ಕಿಟಕಿಗಳಿಗೆ ಸೊಳ್ಳೆ ಮೆಶ್ ಹಾಕಿಕೊಡ್ತೀನಿ ಅಂತ ಒಬ್ಬ ಬಂದ. ಅಳತೆ ತೆಗೆದುಕೊಂಡ, ಕಾಫಿ ಕುಡಿದ, ಎರಡು ಸಾವಿರ ಅಡ್ವಾನ್ಸ್ ಇಸ್ಕೊಂಡು ಹೋದ. ಅವನ ಫೋನ್ ಇವತ್ತಿನವರೆಗೂ ಸ್ವಿಚ್ ಆಫ್. "ಶುದ್ಧ ಫೋರ್ ಟ್ವೆಂಟಿ ಆಸಾಮಿ" ಎಂದು ನಾನು ಗೊಣಗುತ್ತಿದ್ದರೆ, ಲಾ ಓದುತ್ತಿರುವ ಅಕ್ಕನ ಮಗ ಮೊಬೈಲಿನಿಂದ ತಲೆ ಎತ್ತದೆ ತಿದ್ದಿದ: "ಮಾವ, ಈಗ ಅದು ಮುನ್ನೂರ ಹದಿನೆಂಟು."

ನಿಜವೇ. 1860ರ ಭಾರತೀಯ ದಂಡ ಸಂಹಿತೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆ 420ರಿಂದ 318ಕ್ಕೆ ಮನೆ ಬದಲಾಯಿಸಿದೆ. ಆದರೆ "ಅವನು ದೊಡ್ಡ ಮುನ್ನೂರ ಹದಿನೆಂಟು ಕಣ್ರೀ" ಅಂತ ಒಮ್ಮೆ ಅಂದು ನೋಡಿ. ಬೈದ ಹಾಗೇ ಇರೋದಿಲ್ಲ. ಬಸ್ ನಂಬರ್ ಹೇಳಿದ ಹಾಗಿರುತ್ತೆ.

ಮೋಸ ಹೋದವರಿಗೆ ಕನ್ನಡದಲ್ಲಿ ಮಾತಿಗೇನು ಬರ ಇರಲಿಲ್ಲ. ನಾಮ ಹಾಕಿದ, ಕಿವಿಗೆ ಹೂವಿಟ್ಟ, ಕೈಗೆ ಚಿಪ್ಪು ಕೊಟ್ಟ. ಟೋಪಿಯಲ್ಲಂತೂ ದರ್ಜೆಗಳಿದ್ದವು. ಚಿಲ್ಲರೆ ಮೋಸಕ್ಕೆ ಬರೀ ಟೋಪಿ. ನಯವಾಗಿ ಮಾತಾಡಿ ದೊಡ್ಡದಾಗಿ ಹೊಡೆದರೆ ಮಕ್ಮಲ್ ಟೋಪಿ. ಈಗ ಮಕ್ಮಲ್ ಅಂದರೆ ಹುಡುಗರು ಬಟ್ಟೆ ಅಂಗಡಿ ಕಡೆ ನೋಡುತ್ತಾರೆ.

ಚಳ್ಳೆಹಣ್ಣಿನ ಕಥೆಯೇ ಬೇರೆ. "ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ" ಎಂದು ಪತ್ರಿಕೆಗಳು ಈಗಲೂ ಬರೆಯುತ್ತವೆ. ಓದುವವರಲ್ಲಿ ಹಣ್ಣು ಕಂಡವರೆಷ್ಟೋ! ನಮ್ಮೂರ ಕೆರೆ ಏರಿಯ ಪಕ್ಕ ಒಂದು ಮರ ಇತ್ತು. ಗೋಲಿಯಷ್ಟು ಹಣ್ಣು, ಒಳಗೆ ಬರೀ ಲೋಳೆ. ಗಾಳಿಪಟ ಅಂಟಿಸಲು ಗೋಂದಿನ ಬದಲು ಅದನ್ನೇ ಹಿಚುಕುತ್ತಿದ್ದೆವು. ಬಾಯಿಗೆ ಹಾಕಿಕೊಂಡರೆ ಮುಗೀತು. ತುಟಿ, ಹಲ್ಲು, ಬೆರಳು ಎಲ್ಲ ಅಂಟಂಟು. ಉಗಿಯೋಕೂ ಆಗಲ್ಲ, ನುಂಗೋಕೂ ಆಗಲ್ಲ. ತಿಂದವನು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ತಿನ್ನಿಸಿದವನು ಮಾಯ! ಆ ಮಾತು ಹುಟ್ಟಿದ್ದು ಹೀಗೇ ಇರಬೇಕು ಅಂತ ನನ್ನ ಊಹೆ.

ಚೊಂಬು ಮಾತ್ರ ಗಟ್ಟಿ ಪಿಂಡ. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಪತ್ರಿಕೆಗಳಲ್ಲಿ ಚೊಂಬಿನ ಚಿತ್ರದ ಜಾಹೀರಾತೇ ಕೊಟ್ಟಿತ್ತು. ಮನೆಯಲ್ಲಿ ಚೊಂಬು ಇಲ್ಲದವರಿಗೂ ಅರ್ಥವಾಯಿತು.

ಈಗಿನವರದು ಒಂದೇ ಪದ, ಸ್ಕ್ಯಾಮ್. ಮಸಾಲೆ ದೋಸೆಯಲ್ಲಿ ಪಲ್ಯ ಕಮ್ಮಿ ಆದರೂ ಸ್ಕ್ಯಾಮ್, ಓಟಿಪಿ ಕೇಳಿ ಲಕ್ಷ ಹೊಡೆದರೂ ಸ್ಕ್ಯಾಮ್. ಟೋಪಿಗೂ ಮಕ್ಮಲ್ ಟೋಪಿಗೂ ವ್ಯತ್ಯಾಸ ಬೇಡವಾ?

ಮೊನ್ನೆ ನಮ್ಮ ಹುಡುಗ ಆನ್‌ಲೈನಿನಲ್ಲಿ ಯಾರಿಂದಲೋ ಹಳೇ ಫೋನ್ ಕೊಂಡ. ಪಾರ್ಸೆಲ್ ಬಿಚ್ಚಿದರೆ ಎರಡು ಬಟ್ಟೆ ಸೋಪು. ನಾನು ಸುಮ್ನೆ ಕೂತಿದ್ದೆ. ಅವನು ದೂರು ಟೈಪ್ ಮಾಡಿದ; 318(4) ಅಂತ ಅಚ್ಚುಕಟ್ಟಾಗಿ ಹಾಕಿದ. ಆಮೇಲೆ ಲ್ಯಾಪ್‌ಟಾಪ್ ಪಟ್ಟಂತ ಮುಚ್ಚಿ, ಸೋಪಿನ ಕಡೆ ನೋಡಿ ಅಂದ: "ಫೋರ್ ಟ್ವೆಂಟಿ ನನ್ಮಗ!"