ತಾಳ ತಪ್ಪಿಸುವ ದೈತ್ಯ

ಪಾತ್ರೆ ತೊಳೆಯುವಾಗ ಕೇಳಬಾರದ ಒಂದು ಬ್ಯಾಂಡ್ ಇದೆ. ಹೆಸರು ಜೆಂಟಲ್ ಜೈಂಟ್. ತಟ್ಟೆ ಉಜ್ಜುತ್ತಾ ಒಂದು, ಎರಡು, ಮೂರು ಅಂತ ಎಣಿಸಿ, ಇನ್ನೇನು ತಾಳ ಸಿಕ್ಕಿತು ಅನ್ನುವಷ್ಟರಲ್ಲಿ ಅವರು ಅರ್ಧ ಎಣಿಕೆ ನುಂಗಿ ಮುಂದೆ ಹೋಗಿರುತ್ತಾರೆ. ನಾನು ನೊರೆಗೈ ಎತ್ತಿಕೊಂಡು ನಿಂತಿರುತ್ತೇನೆ.

ಇಂಗ್ಲೆಂಡಿನಲ್ಲಿ 1970ರಲ್ಲಿ ಶುರುವಾದ ಬ್ಯಾಂಡ್ ಇದು. ಫಿಲ್, ಡೆರೆಕ್, ರೇ ಶುಲ್ಮನ್ ಅಂತ ಮೂವರು ಅಣ್ಣತಮ್ಮಂದಿರು, ಪೋರ್ಟ್ಸ್‌ಮತ್‌ನಲ್ಲಿ ಬೆಳೆದವರು. ಅಪ್ಪ ಜಾಝ್ ಟ್ರಂಪೆಟ್ ನುಡಿಸುತ್ತಿದ್ದವರು. ಮಕ್ಕಳು ಸಿಕ್ಕಿದ್ದನ್ನೆಲ್ಲ ನುಡಿಸಲು ಕಲಿತರು. ಇದಕ್ಕೂ ಮೊದಲು ಸೈಮನ್ ಡುಪ್ರೀ ಎಂಬ ಹೆಸರಲ್ಲಿ ಪಾಪ್ ಹಾಡುತ್ತಿದ್ದರು, 1967ರಲ್ಲಿ ‘ಕೈಟ್ಸ್’ ಅಂತ ಒಂದು ಹಾಡು ಜೋರಾಗಿ ಓಡಿತು. ಆಗ ಸ್ವಲ್ಪ ದಿನ ಇವರ ಜೊತೆ ಕೀಬೋರ್ಡ್ ನುಡಿಸಿಕೊಂಡು ಊರೂರು ತಿರುಗಿದ ಹುಡುಗನೊಬ್ಬನಿದ್ದ. ಅವನನ್ನು ಇವರು ಇಟ್ಟುಕೊಳ್ಳಲಿಲ್ಲ. ಮುಂದೆ ಪಾಪ್ ಲೋಕದ ದೊಡ್ಡ ತಾರೆಯಾದ ಎಲ್ಟನ್ ಜಾನ್ ಆ ಹುಡುಗನೇ!

ಜನ ಮೆಚ್ಚುವ ದಾರಿ ಹೀಗೆ ಎದುರಿಗೇ ಇತ್ತು. ಇವರು ಅದನ್ನು ಬಿಟ್ಟು ಬೇರೆ ಕಡೆ ಹೊರಳಿದರು. 1971ರ ‘ಅಕ್ವೈರಿಂಗ್ ದ ಟೇಸ್ಟ್’ ಆಲ್ಬಮ್ಮಿನ ಹೊದಿಕೆ ಮೇಲೆ, ಜನಪ್ರಿಯ ಸಂಗೀತದ ಎಲ್ಲೆ ಹಿಗ್ಗಿಸುತ್ತೇವೆ, ಅದರಿಂದ ನಾವು ಯಾರಿಗೂ ಬೇಡವಾದರೂ ಸರಿ ಅನ್ನುವ ಅರ್ಥದ ಮಾತು ಬರೆಸಿದರು. ಕೊಟ್ಟ ಮಾತನ್ನು ಇಷ್ಟು ಚೆನ್ನಾಗಿ ಉಳಿಸಿಕೊಂಡವರನ್ನು ನಾನು ಕಂಡಿಲ್ಲ. 1972ರಲ್ಲಿ ಅಮೆರಿಕದಲ್ಲಿ ಬ್ಲ್ಯಾಕ್ ಸಬ್ಬಾತ್ ಎಂಬ ಹೆವಿ ಮೆಟಲ್ ಬ್ಯಾಂಡಿಗಿಂತ ಮೊದಲು ಇವರನ್ನು ವೇದಿಕೆ ಹತ್ತಿಸಿದರು. ಗುಡುಗು ಕೇಳೋಕೆ ಬಂದವರ ಮುಂದೆ ಪಿಟೀಲು, ಸೆಲ್ಲೊ! ಜನ ಕೂಗಾಡಿದ್ದರಲ್ಲಿ ಆಶ್ಚರ್ಯವೇನು?

ಅದೇ ವರ್ಷದ ‘ಆಕ್ಟೋಪಸ್’ ಆಲ್ಬಮ್ಮಿನಲ್ಲಿ ‘ನಾಟ್ಸ್’ ಅಂತ ಒಂದು ಹಾಡಿದೆ. ನಾಲ್ಕು ದನಿಗಳು ಒಂದೇ ಮಾತನ್ನು ಚೂರುಚೂರು ಮಾಡಿ ಹಂಚಿಕೊಳ್ಳುತ್ತವೆ. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿಯುತ್ತಾನೆ, ಅವನು ಮುಗಿಸುವ ಮೊದಲೇ ಮೂರನೆಯವನು ಬಾಯಿ ಹಾಕುತ್ತಾನೆ. ಮದುವೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ ಹಾಗೆ, ಆದರೆ ಒಂದು ಮಾತೂ ಮೈ ತಾಗಿಸದ ಹಾಗೆ. ಚರ್ಚಿನ ಹಾಡು ಅನ್ನಿಸುತ್ತೆ, ಅಷ್ಟರಲ್ಲಿ ಗಿಟಾರ್ ಬಂದು ಗುದ್ದುತ್ತೆ. ಇದು ರಾಕಾ, ಜಾಝಾ, ಐನೂರು ವರ್ಷದ ಹಿಂದಿನ ಆಸ್ಥಾನ ಸಂಗೀತವಾ? ನನ್ನ ಫೋನಿನಲ್ಲಿ ಹಾಡುಗಳನ್ನು ಜಾತಿವಾರು ಜೋಡಿಸಿದ್ದೇನೆ, ಇವರದ್ದು ಮಾತ್ರ ‘ಇತರೆ’ಯಲ್ಲಿ ಬಿದ್ದಿದೆ. ಕೆರ್ರಿ ಮಿನಿಯರ್ ಅನ್ನುವ ಕೀಬೋರ್ಡಿನವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಿದವರು, ಈ ಕಿತಾಪತಿಯಲ್ಲಿ ಅವರ ಪಾಲು ಜಾಸ್ತಿ.

ಹಳೇ ವಿಡಿಯೋ ಸಿಕ್ಕರೆ ನೋಡಿ. ಹಾಡಿನ ಮಧ್ಯೆಯೇ ಒಬ್ಬರ ವಾದ್ಯ ಇನ್ನೊಬ್ಬರ ಕೈಗೆ ಹೋಗುತ್ತದೆ. ಬೇಸ್ ನುಡಿಸುತ್ತಿದ್ದ ರೇ ಪಿಟೀಲು ಹಿಡಿದಿರುತ್ತಾರೆ. ಆಮೇಲೆ ನಾಲ್ವರು ಶಾಲೆ ಮಕ್ಕಳ ಹಾಗೆ ಪುಟ್ಟ ಕೊಳಲು ಊದುತ್ತಾ ಸಾಲಾಗಿ ನಿಲ್ಲುತ್ತಾರೆ. ಬುದ್ಧಿವಂತಿಕೆ ಜಾಸ್ತಿಯಾಯ್ತು ಅಂತ ಬೈಯುವವರಿದ್ದಾರೆ, ಕೆಲವು ಸಲ ನನಗೂ ಹಾಗನಿಸುತ್ತೆ. ಆದರೆ ಆ ಮುಖಗಳಲ್ಲಿರುವುದು ಚಿನ್ನಿದಾಂಡು ಆಡುವವರ ಖುಷಿ.

ಕೊನೆಕೊನೆಗೆ ಸುಲಭದ ಹಾಡು ಮಾಡೋಣ ಅಂತ ಹೊರಟರು. ಅದೊಂದು ಮಾತ್ರ ಅವರಿಗೆ ಬರಲಿಲ್ಲ. 1980ರಲ್ಲಿ ಅಂಗಡಿ ಮುಚ್ಚಿತು. ಡೆರೆಕ್ ಆಮೇಲೆ ರೆಕಾರ್ಡ್ ಕಂಪನಿ ಸೇರಿ, ಮುಂದೆ ಭಾರೀ ಜನಪ್ರಿಯವಾದ ಬಾನ್ ಜೋವಿ ಬ್ಯಾಂಡನ್ನು ಕಂಪನಿಗೆ ಸೇರಿಸಿಕೊಂಡರು. ಎಂಥ ಹಾಡು ಓಡುತ್ತೆ ಅಂತ ಅವರಿಗೆ ಮೊದಲಿಂದಲೂ ಗೊತ್ತಿತ್ತು ಅಂತಾಯ್ತು!

ಮೊನ್ನೆ ಅಕ್ಕನ ಮಗ ಕಾರಿನಲ್ಲಿ ಅಮೆರಿಕದ ರ್‍ಯಾಪರ್ ಟ್ರಾವಿಸ್ ಸ್ಕಾಟ್‌ನ 2023ರ ಆಲ್ಬಮ್ ಹಾಕಿದ. ಮೊದಲ ಹಾಡು ಶುರುವಾದದ್ದೇ ತಡ, ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಅದು ಜೆಂಟಲ್ ಜೈಂಟ್‌ನ 1974ರ ‘ಪ್ರೊಕ್ಲಮೇಶನ್’ ಹಾಡಿನ ತುಣುಕು.

“ನೀವೂ ಟ್ರಾವಿಸ್ ಕೇಳ್ತೀರಾ ಮಾಮ?” ಅಂದ.

ಇಲ್ಲ ಕಣೋ, ಮೂವರು ಅಣ್ಣತಮ್ಮಂದಿರಿದ್ದರು ಅಂತ ನಾನು ಶುರು ಮಾಡಿದೆ. ಅವನು ಸೌಂಡ್ ಜಾಸ್ತಿ ಮಾಡಿದ.